ಮಗ್ಗದ ಮನೆಯಿಂದ ಬಂದ ಕಾರು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹಗಲೆಲ್ಲ ಮಗ್ಗದ ಸಪ್ಪಳ. ಕರೆಂಟು ಹೋದಾಗ ಮಾತ್ರ ಊರು ಸುಮ್ಮನಾಗುತ್ತದೆ. ಇಲ್ಲಿಯ ಸೀರೆ ವ್ಯಾಪಾರಿಗಳಿಗಾಗಲಿ, ಮುಧೋಳ-ಜಮಖಂಡಿಯ ಕಬ್ಬು ಬೆಳೆಗಾರರಿಗಾಗಲಿ, ಬೀಳಗಿಯ ಗುತ್ತಿಗೆದಾರರಿಗಾಗಲಿ ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ಕಣ್ಣು ಹೋಗುವುದು ಒಂದೇ ಗಾಡಿಯ ಕಡೆಗೆ. ಮೊದಲು ಅದು ಕ್ವಾಲಿಸ್ ಆಗಿತ್ತು, ಆಮೇಲೆ ಇನ್ನೋವಾ ಆಯಿತು. ಮದುವೆಯ ದಿಬ್ಬಣಕ್ಕೆ, ಮಠದ ಜಾತ್ರೆಗೆ, ಚುನಾವಣೆಯ ಓಡಾಟಕ್ಕೆ, ರಾತ್ರೋರಾತ್ರಿ ರೋಗಿಯನ್ನು ಮಿರಜಿನ ಆಸ್ಪತ್ರೆಗೆ ಸಾಗಿಸುವುದಕ್ಕೆ ಅದೇ ಬೇಕು. ಗಾಡಿಯ ಮೂತಿಯ ಮೇಲಿರುವ ಟೊಯೋಟಾ ಎಂಬ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಹೆಸರು ಕಾರಿಗೆ ಅಂಟುವುದಕ್ಕೆ ಮೊದಲು ಮಗ್ಗಕ್ಕೆ ಅಂಟಿತ್ತೆಂಬುದು ನೇಕಾರರ ಈ ಊರಿನಲ್ಲಿಯೂ ಹೆಚ್ಚು ಜನಕ್ಕೆ ತಿಳಿದಿರಲಾರದು.

ಜಪಾನಿನಲ್ಲಿಯೂ ಒಂದು ರಬಕವಿ-ಬನಹಟ್ಟಿ ಇತ್ತು ಎನ್ನಬಹುದು. ಹಮಾಮಾತ್ಸು ಪಟ್ಟಣದ ಸುತ್ತಲಿನ ಆ ನಾಡಿಗೆ ಎನ್‌ಶೂ ಎಂದು ಹೆಸರು. ಹತ್ತಿ ಬಟ್ಟೆಗೆ ಹೆಸರಾದ ಸೀಮೆ ಅದು; ಹೊಲಮನೆಗಳ ಹೆಂಗಸರು ಬಿಡುವಿನಲ್ಲಿ ಮಗ್ಗದ ಮೇಲೆ ಕೂರುತ್ತಿದ್ದರು. ಅಲ್ಲಿಯ ಯಾಮಾಗುಚಿ ಎಂಬ ಹಳ್ಳಿಯಲ್ಲಿ 1867ರಲ್ಲಿ ಒಬ್ಬ ಬಡಿಗನ ಮನೆಯಲ್ಲಿ ಸಾಕಿಚಿ ಟೊಯೋಡಾ ಹುಟ್ಟಿದ. ತಂದೆಯಿಂದ ಮರಗೆಲಸ ಕಲಿತ. ತಾಯಿ, ನೆರೆಯ ಹೆಂಗಸರು ಗಂಟೆಗಟ್ಟಲೆ ದುಡಿದು ಒಂದಿಷ್ಟೇ ಬಟ್ಟೆ ನೇಯುವುದನ್ನು ಕಂಡು ಮಗ್ಗದ ಹುಚ್ಚು ಹಿಡಿಸಿಕೊಂಡ. ಒಂದೇ ಕೈಯಿಂದ ನಡೆಸಬಹುದಾದ ಮರದ ಕೈಮಗ್ಗಕ್ಕೆ 1891ರಲ್ಲಿ ಪೇಟೆಂಟ್ ದೊರೆಯಿತು. 1896ರಲ್ಲಿ ಉಗಿಯಂತ್ರದಿಂದ ನಡೆಯುವ ಮರ-ಕಬ್ಬಿಣದ ಮಗ್ಗ ಕಟ್ಟಿದ. ಜಪಾನೀಯರೇ ಮಾಡಿದ ಮೊದಲ ಯಂತ್ರಮಗ್ಗ ಅದು. ನಮ್ಮ ಕಡೆಗೆ ಹೋಲಿಸಿ ನೋಡುವುದಾದರೆ, ಜಮಖಂಡಿಯಿಂದ ಅಷ್ಟೇನೂ ದೂರವಲ್ಲದ ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂದದ್ದು 1904ರಲ್ಲಿ. ಕಾಲದಲ್ಲಿ ಬಹಳ ಅಂತರವಿಲ್ಲ. ಇಚಲಕರಂಜಿಗೆ ಮಗ್ಗ ಬಂತು, ಎನ್‌ಶೂದಲ್ಲಿ ಮಗ್ಗ ಹುಟ್ಟಿತು. ಅಂತರವಿದ್ದದ್ದು ಅಲ್ಲಿ.

ಸಾಕಿಚಿಯ ದೊಡ್ಡ ಕೆಲಸ ಬಂದದ್ದು 1924ರಲ್ಲಿ. ಅದು ಎಂಥದೆಂದು ಬೇರೆಯವರಿಗಿಂತ ನೇಕಾರನಿಗೆ ಹೇಳುವುದು ಸುಲಭ. ಸಾದಾ ಯಂತ್ರಮಗ್ಗಕ್ಕೆ ಕಣ್ಣಿಲ್ಲ. ಹಾಸಿನ ಒಂದು ಎಳೆ ಹರಿದರೂ ಅದು ನೇಯುತ್ತಲೇ ಹೋಗುತ್ತದೆ. ಲಾಳಿಯೊಳಗಿನ ಕಂಡಿಕೆ ಖಾಲಿಯಾದರೂ ಲಾಳಿ ಅತ್ತಿಂದಿತ್ತ ಹಾರುತ್ತಲೇ ಇರುತ್ತದೆ. ನೇಕಾರ ಒಂದು ಗಳಿಗೆ ಆಚೆ ನೋಡಿದರೆ ಬಟ್ಟೆಯಲ್ಲಿ ದೋಷ ಕೂತಿತು, ಮಾಲೀಕ ಕೂಲಿ ಮುರಿದುಕೊಂಡ. ಹೀಗಾಗಿ ಮಗ್ಗ ಯಂತ್ರದ್ದಾದರೂ ಅದನ್ನು ಕಾಯುವ ಮನುಷ್ಯ ಕಣ್ಣು ಮಿಟುಕಿಸುವಂತಿಲ್ಲ. ಸಾಕಿಚಿ ಮಾಡಿದ ಜಿ ಮಾದರಿಯ ಮಗ್ಗದಲ್ಲಿ ಹೊಕ್ಕಿನ ನೂಲು ಮುಗಿಯುವ ಹೊತ್ತಿಗೆ ಹೊಸ ಲಾಳಿ ತಾನಾಗಿ ಬಂದು ಸೇರುತ್ತಿತ್ತು, ಅದೂ ವೇಗ ತಗ್ಗದಂತೆ. ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ನಿಂತ ಮಗ್ಗದ ಕಡೆಗಷ್ಟೇ ಕೆಲಸಗಾರ ಹೋದರೆ ಸಾಕು. ಒಬ್ಬ ಆಳು ಮೂವತ್ತಕ್ಕೂ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. ತಪ್ಪಾದೊಡನೆ ಯಂತ್ರ ತಾನಾಗಿ ನಿಲ್ಲಬೇಕೆಂಬ ಈ ತತ್ವಕ್ಕೆ ಜಪಾನಿನಲ್ಲಿ ಜಿದೋಕಾ ಎನ್ನುತ್ತಾರೆ. ಟೊಯೋಟಾ ಕಾರಿನ ಜಾತಕ ಬರೆಯುವುದಾದರೆ ಮೊದಲ ಅಕ್ಷರ ಇದೇ.

ಈ ಮಗ್ಗಗಳನ್ನು ಮಾಡುವುದಕ್ಕಾಗಿ 1926ರಲ್ಲಿ ಟೊಯೋಡಾ ಸ್ವಯಂಚಾಲಿತ ಮಗ್ಗದ ಕಾರ್ಖಾನೆ ಶುರುವಾಯಿತು. ಆ ಕಾಲಕ್ಕೆ ಜಗತ್ತಿಗೆಲ್ಲ ಜವಳಿ ಯಂತ್ರ ಮಾರುತ್ತಿದ್ದುದು ಇಂಗ್ಲೆಂಡಿನ ಓಲ್ಡಮ್‌ನ ಪ್ಲಾಟ್ ಬ್ರದರ್ಸ್. ಗುರುವೇ ಶಿಷ್ಯನ ಬಾಗಿಲಿಗೆ ಬಂದಂತೆ, 1929ರಲ್ಲಿ ಆ ಕಂಪನಿಯೇ ಒಂದು ಲಕ್ಷ ಪೌಂಡ್ ಕೊಟ್ಟು ಸಾಕಿಚಿಯ ಮಗ್ಗದ ಹಕ್ಕು ಪಡೆಯಲು ಒಪ್ಪಿತು. ಜಪಾನ್, ಚೀನಾ, ಅಮೆರಿಕ ಬಿಟ್ಟು ಉಳಿದ ದೇಶಗಳೆಲ್ಲ ಪ್ಲಾಟ್‌ನ ಪಾಲಿಗೆ ಬಂದವು. ಆ ‘ಉಳಿದ’ ದೇಶಗಳಲ್ಲಿ ಭಾರತವೂ ಒಂದು. ಅಂದರೆ ಒಬ್ಬ ಏಷ್ಯಾದ ಬಡಿಗನ ಬುದ್ಧಿಯನ್ನು ಭಾರತದ ಗಿರಣಿಯವರು ಕೊಳ್ಳುವುದಾದರೂ ಇಂಗ್ಲೆಂಡಿನ ಅಂಗಡಿಯಿಂದಲೇ ಕೊಳ್ಳಬೇಕಾಗಿತ್ತು.

ಆ ಲಕ್ಷ ಪೌಂಡನ್ನು ಸಾಕಿಚಿ ಮಗ ಕೀಚಿರೋನ ಕೈಗಿತ್ತು, ‘ಕಾರು ಕಟ್ಟು’ ಎಂದನೆಂದು ಒಂದು ಕಥೆಯಿದೆ. ಕೇಳಲು ಚೆಂದದ ಕಥೆ. ಲೆಕ್ಕ ಮಾತ್ರ ಹೊಂದುವುದಿಲ್ಲ. ಕಾರಿನ ಕಾರ್ಖಾನೆಗೆ ತಗಲಿದ ಹಣದ ಮುಂದೆ ಅದು ಅಲ್ಪ ಮೊತ್ತ. ನಿಜವಾದ ಬಂಡವಾಳ ಬಂದದ್ದು ಮಗ್ಗ ಮತ್ತು ನೂಲಿನ ಯಂತ್ರಗಳ ಲಾಭದಿಂದ, ಮಗ್ಗದ ಕಂಪನಿ ಹೆಚ್ಚಿಸಿಕೊಂಡ ಷೇರು ಹಣದಿಂದ. ಸಾಕಿಚಿ 1930ರಲ್ಲಿ ತೀರಿಕೊಂಡ. 1933ರಲ್ಲಿ ಕೀಚಿರೋ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದ. 1936ರಲ್ಲಿ ಮೊದಲ ಕಾರು ಮಾರಾಟಕ್ಕೆ ಬಂತು. ಅದೇ ವರ್ಷ ಜಪಾನ್ ಸರಕಾರ ಕಾನೂನು ಮಾಡಿ, ಅಲ್ಲಿ ಬೇರೂರಿದ್ದ ಫೋರ್ಡ್, ಜನರಲ್ ಮೋಟಾರ್ಸ್‌ಗಳ ಕೈ ಕಟ್ಟಿತು. 1937ರಲ್ಲಿ ಮೋಟಾರು ಕಂಪನಿ ಬೇರೆಯಾಯಿತು. ಟೊಯೋಡಾ ಎಂದರೆ ಫಲವತ್ತಾದ ಗದ್ದೆ ಎಂದರ್ಥ. ಕಾರಿನ ಹೆಸರಲ್ಲಿ ‘ಡಾ’ ಹೋಗಿ ‘ಟಾ’ ಬಂದದ್ದು ಉಚ್ಚಾರಕ್ಕೆ ಹಗುರವೆಂದು. ಜಪಾನೀ ಲಿಪಿಯಲ್ಲಿ ಬರೆದರೆ ಎಂಟು ಗೀಟುಗಳಾಗುತ್ತವೆ, ಎಂಟು ಶುಭವೆಂಬ ನಂಬಿಕೆ ಬೇರೆ. ಹೊಸ ಗಾಡಿಗೆ ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟುವ ನಮ್ಮವರು ಇದಕ್ಕೆ ನಗಬೇಕಾಗಿಲ್ಲ.

ಅಲ್ಲಿಂದ ಮುಂದೆ ಎಲ್ಲ ಸಲೀಸಾಗಿ ನಡೆಯಲಿಲ್ಲ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಆಳುಗಳನ್ನು ಕಡಿಮೆ ಮಾಡಬೇಕಾಗಿ ಬಂದಾಗ ಮುಷ್ಕರವಾಯಿತು, ಕೀಚಿರೋ ಹೊಣೆ ಹೊತ್ತು ರಾಜೀನಾಮೆ ಕೊಟ್ಟ. ಅದರ ಬೆನ್ನಿಗೇ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆ ಲಾರಿಗಳಿಗೆ ಬೇಡಿಕೆಯಿಟ್ಟಿತು; ಕಂಪನಿ ಬದುಕಿಕೊಂಡಿತು. ಮುಂದೆ ಅಲ್ಲಿಯ ಕಾರ್ಖಾನೆಯ ಕ್ರಮವನ್ನೇ ಬದಲಿಸಿದ ತಾಯಿಚಿ ಓನೋ ಕೂಡ ನೂಲು-ನೇಯ್ಗೆಯ ಗಿರಣಿಯಿಂದ ಬಂದವನೇ. ಮಗ್ಗ ತಾನಾಗಿ ನಿಲ್ಲುವುದನ್ನು ಕಂಡಿದ್ದ ಆತ ಕಾರು ಜೋಡಣೆಯ ಸಾಲಿನಲ್ಲಿಯೂ ಅದನ್ನೇ ತಂದ. ಕೆಲಸಗಾರನ ತಲೆಯ ಮೇಲೊಂದು ಹಗ್ಗ; ತಪ್ಪು ಕಂಡರೆ ಜಗ್ಗಬೇಕು, ಸರಿಯಾಗದಿದ್ದರೆ ಸಾಲೇ ನಿಲ್ಲಬೇಕು.

ಇನ್ನು ಈ ಕಡೆಯ ಕಥೆ. ಸಾಕಿಚಿ ಹುಟ್ಟಿದ ಎರಡು ವರ್ಷಕ್ಕೆ, 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಮುಂಬಯಿಯಲ್ಲಿ ತಾಂತ್ರಿಕ ಶಾಲೆಯ ಶಿಕ್ಷಕರಾಗಿದ್ದವರು ಊರ ಕಡೆಗೆ ಮರಳಿ ಅಣ್ಣನೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಅಂಜುತ್ತಿದ್ದ ಕಾಲ ಅದು. ಔಂಧ ಸಂಸ್ಥಾನದ ಅರಸರು ಜಾಗ ಕೊಟ್ಟಿದ್ದರಿಂದ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕೃಷ್ಣಾ, ಘಟಪ್ರಭಾ ದಂಡೆಯ ರೈತರಿಗೆ ಕಿರ್ಲೋಸ್ಕರ್ ಎಂದರೆ ಇವತ್ತಿಗೂ ನೀರೆತ್ತುವ ಪಂಪು. ಇಬ್ಬರೂ ಹಳ್ಳಿಯವರು, ಇಬ್ಬರೂ ರೈತ-ನೇಕಾರರ ಕೈಕೆಲಸ ಹಗುರ ಮಾಡಲು ಹೊರಟವರು. ಒಬ್ಬರ ಮನೆತನ ಕಾರಿಗೆ ಏರಿತು, ಇನ್ನೊಬ್ಬರದು ಪಂಪು, ಎಂಜಿನ್, ಲೇತ್‌ಗಳಲ್ಲಿ ಉಳಿಯಿತು. ಜಾಣತನದಲ್ಲಿ ವ್ಯತ್ಯಾಸವಿದ್ದಿತೆಂದು ಹೇಳುವಂತಿಲ್ಲ. ಅಲ್ಲಿ ಸ್ವಂತ ಸರಕಾರ ಬೆನ್ನಿಗಿತ್ತು, ಇಲ್ಲಿ ಆಳುತ್ತಿದ್ದವರೇ ಯಂತ್ರ ಮಾರುವವರು. ಸ್ವಾತಂತ್ರ್ಯದ ನಂತರ ಲೈಸೆನ್ಸಿನ ಕಾಲದಲ್ಲಿ ಕಾರು ಮಾಡುವ ಅವಕಾಶ ಎರಡು-ಮೂರು ಕಂಪನಿಗಳಿಗಷ್ಟೇ ಸಿಕ್ಕಿತು.

ಟೊಯೋಟಾ ಭಾರತಕ್ಕೆ ಮೊದಲು ಬಂದದ್ದು 1980ರ ದಶಕದಲ್ಲಿ, ಡಿಸಿಎಂ ಕಂಪನಿಯೊಡನೆ, ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಸಣ್ಣ ಲಾರಿ ಮಾಡಲು. ಆ ಸಂಬಂಧ ಬಾಳಲಿಲ್ಲ. ಎರಡನೆಯ ಬಾರಿ ಬಂದಾಗ ಅದು ಹಿಡಿದ ದಾರಿ ಕುತೂಹಲದ್ದು. ಕಾರಿಗಿಂತ ಮೊದಲು ಜವಳಿ ಯಂತ್ರದಿಂದಲೇ ಕಿರ್ಲೋಸ್ಕರ್ ಮನೆತನದ ನಂಟು ಬೆಳೆಯಿತು. 1995ರಲ್ಲಿ ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿ ನೂಲು ತೆಗೆಯುವ ಯಂತ್ರಗಳಿಗಾಗಿ ಕಿರ್ಲೋಸ್ಕರ್-ಟೊಯೋಡಾ ಕಂಪನಿ ಹುಟ್ಟಿತು. ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರ್ ಆ ಬಳಿಕ 1997ರ ಅಕ್ಟೋಬರಿನಲ್ಲಿ ಕಾರಿನ ಕಂಪನಿಯಲ್ಲಿಯೂ ಪಾಲುದಾರರಾದರು. ಅದೇ ವರ್ಷ ಆಗಸ್ಟ್ 15ಕ್ಕೆ ಬಾಗಲಕೋಟೆ ಹೊಸ ಜಿಲ್ಲೆಯಾಗಿತ್ತು. ಜಮಖಂಡಿ, ಮುಧೋಳ, ಬೀಳಗಿ ಅಲ್ಲಿಯವರೆಗೆ ವಿಜಾಪುರ ಜಿಲ್ಲೆಯವು. ಬಿಡದಿಯ ಕಾರ್ಖಾನೆಯಲ್ಲಿ 1999ರ ಕೊನೆಗೆ ಕೆಲಸ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಹೊರಬಂತು.

ಪಟ್ಟಣಗಳ ಬಲ್ಲವರು ಅದನ್ನು ಕಂಡು ಮೂಗು ಮುರಿದರು. ಇಂಡೊನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಿಂದ ಓಡಿ ಹಳೆಯದಾದ ಗಾಡಿ, ಡಬ್ಬಿಯಂಥ ಆಕಾರ, ಇದನ್ನು ಭಾರತದವರ ತಲೆಗೆ ಕಟ್ಟುತ್ತಿದ್ದಾರೆ ಎಂದರು. ಕಿಜಾಂಗ್ ಎಂದರೆ ನಮ್ಮ ಕಾಡುಕುರಿ, ಬೊಗಳುವ ಜಿಂಕೆ. ಹೆಸರಿನ ಓಟ ರೂಪದಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ಘಟಪ್ರಭೆಯಿಂದ ಕೃಷ್ಣೆಯವರೆಗಿನ ಈ ಸೀಮೆಯವರು ಗಾಡಿಯನ್ನು ಬೇರೆ ಕಣ್ಣಿನಿಂದ ನೋಡಿದರು.

ಅದಕ್ಕೆ ಕಾರಣವಿತ್ತು. ಜಮಖಂಡಿ, ಮುಧೋಳ, ಬೀಳಗಿ ಪಟ್ಟಣಗಳವರು ತಲೆಮಾರುಗಟ್ಟಲೆ ರೈಲಿನ ಮುಖ ಕಾಣಲು ಬೇರೆ ಊರಿಗೆ ಹೋಗಬೇಕಾಗಿತ್ತು. ಬಸ್ಸು ತಪ್ಪಿದರೆ ಟೆಂಪೊ ಟ್ರ್ಯಾಕ್ಸು, ಜೀಪು. ಒಳಗೆ ಹದಿನೈದು ಜನ, ಹಿಂದೆ ಜೋತುಬಿದ್ದವರು ಬೇರೆ. ಇನ್ನೊಂದು ಕಡೆ ನೀರು ಬಂದಿತ್ತು. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರೇ ಹಣ ಕೂಡಿಸಿ, ಮೈಮುರಿದು ಕೃಷ್ಣೆಗೆ ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜು ಜಮಖಂಡಿಯ ಹೊಲಗಳನ್ನು ಕಬ್ಬಿನ ಹೊಲಗಳನ್ನಾಗಿಸಿತ್ತು. ಮುಧೋಳದ ಸುತ್ತ ಸಕ್ಕರೆ ಕಾರ್ಖಾನೆಗಳು, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಕೆಳಗೆ ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಹಳ್ಳಿಗಳನ್ನು ನುಂಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಸರಿದು, ಬಂಧುಬಳಗ ಚದುರಿ, ಓಡಾಟ ಹೆಚ್ಚಿತ್ತು. ಕಪ್ಪುಮಣ್ಣಿನ ದಾರಿ, ಕಬ್ಬಿನ ಟ್ರ್ಯಾಕ್ಟರುಗಳು ತುಳಿದ ಡಾಂಬರು. ಇಂಥಲ್ಲಿ ಬೇಕಾಗಿದ್ದುದು ಮನೆಮಂದಿಯೆಲ್ಲ ಕೂರುವ, ನಡುದಾರಿಯಲ್ಲಿ ಕೈಕೊಡದ ಗಾಡಿ.

ಕ್ವಾಲಿಸ್ ಆ ಕೆಲಸವನ್ನು ಮಾಡಿತು. ಅದರ 2.4 ಲೀಟರಿನ ಡೀಸೆಲ್ ಎಂಜಿನ್ ಹಳೇ ಕಾಲದ್ದು, ಇಂಧನವನ್ನು ಯಂತ್ರದ ಪಂಪಿನಿಂದಲೇ ಒತ್ತುವಂಥದು. ವೇಗ ಕಡಿಮೆ, ಆದರೆ ಕೆಟ್ಟ ಡೀಸೆಲ್ ಹಾಕಿದರೂ ಗೊಣಗುತ್ತ ಓಡುವ ಜಾತಿ. ಸ್ಟೀರಿಂಗ್ ಹಗುರ, ಗೇರು ಬೆಣ್ಣೆಯಂತೆ, ಬೇಸಿಗೆಯಲ್ಲಿ ಹಿಂದಿನ ಸೀಟಿನವರಿಗೂ ತಂಪು. ಜೀಪು ಓಡಿಸಿ ಸೊಂಟ ಮುರಿದುಕೊಂಡ ಬಾಡಿಗೆ ಡ್ರೈವರುಗಳು ಇದರಲ್ಲಿ ಕೂತಾಗ ಮಾಲೀಕನಿಗಿಂತ ಮೊದಲು ತಾವೇ ಇದರ ಪ್ರಚಾರಕರಾದರು. ಪಂಢರಪುರಕ್ಕೂ ಶಿರಡಿಗೂ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೂ ಹೋಗಿ ಬಂದು ಬಾನೆಟ್ ತೆರೆಯದೆಯೇ ಮತ್ತೆ ಹೊರಡುವ ಗಾಡಿ ಎಂಬ ಮಾತು ಹಬ್ಬಿತು. ಮೀಟರಿನಲ್ಲಿ ಮೂರು ಲಕ್ಷ, ನಾಲ್ಕು ಲಕ್ಷ ಕಿಲೋಮೀಟರ್ ಎಂದು ಹೇಳಿಕೊಳ್ಳುವುದು ಮಾಲೀಕರಿಗೆ ಎತ್ತಿನ ಜೋಡಿಯ ಬಗ್ಗೆ ಹೇಳಿಕೊಂಡಂತೆ.

ದೂರುಗಳೂ ಇದ್ದವು. ಬಿಡಿಭಾಗ ದುಬಾರಿ. ಕಂಪನಿಯ ಸರ್ವಿಸಿಗೆ ದೊಡ್ಡ ಊರುಗಳಿಗೇ ಒಯ್ಯಬೇಕು, ಒಂದು ದಿನದ ಬಾಡಿಗೆ ಹೋಯಿತು. ಎಂಜಿನ್ನಿನ ಒಳಗಿನ ರಬ್ಬರು ಪಟ್ಟಾ ಬದಲಿಸುವ ಲೆಕ್ಕ ಮರೆತವರು ದೊಡ್ಡ ಬೆಲೆ ತೆತ್ತರು. ‘ಕೆಡುವುದೇ ಇಲ್ಲ’ ಎಂಬ ಖ್ಯಾತಿಯಿರುವ ಯಂತ್ರಕ್ಕೆ ಎದುರಾಗುವ ಅಪಾಯವೇ ಇದು. ಅದರ ಆರೈಕೆ ಮರೆತುಹೋಗುತ್ತದೆ. ಮಗ್ಗ ನಡೆಸುವ ಮನೆಯವರು ಈ ವಿಷಯದಲ್ಲಿ ತುಸು ಎಚ್ಚರದವರು. ಪಟ್ಟಾ ಸವೆಯುವುದು ಏನೆಂದು ಅವರಿಗೆ ಗೊತ್ತು.

ಮಾರಾಟ ಚೆನ್ನಾಗಿರುವಾಗಲೇ 2005ರಲ್ಲಿ ಕಂಪನಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಿತು. ಇದ್ದ ಗಿರಾಕಿಯನ್ನು ಕಳೆದುಕೊಳ್ಳುವ ಹುಚ್ಚು ಎಂದವರೇ ಬಹಳ. ಹೊಸ ಗಾಡಿಯ ಎಂಜಿನ್ ಹೆಚ್ಚು ಬಲಶಾಲಿ, ಆದರೆ ಅದರ ಇಂಧನ ವ್ಯವಸ್ಥೆ ಸೂಕ್ಷ್ಮ. ಕಲಬೆರಕೆ ಡೀಸೆಲ್ ಅದಕ್ಕೆ ಆಗದು. ಬೆಲೆಯೂ ಏರಿತು. ಹೀಗಾಗಿ ಈ ಭಾಗದಲ್ಲಿ ಒಂದು ವಿಂಗಡಣೆಯೇ ಆಯಿತು: ಹೊಸ ಇನ್ನೋವಾ ಸಕ್ಕರೆ ಕಾರ್ಖಾನೆಯವರ, ರಾಜಕಾರಣಿಗಳ, ದೊಡ್ಡ ವ್ಯಾಪಾರಿಗಳ ಅಂಗಳಕ್ಕೆ, ಹಳೆಯ ಕ್ವಾಲಿಸ್ ಕೈಯಿಂದ ಕೈಗೆ ಇಳಿಯುತ್ತ ಬಾಡಿಗೆಯವರ ಕೈಗೆ. ಹತ್ತು ವರ್ಷ ಓಡಿದ ಗಾಡಿಗೂ ಕೇಳಿದ ಬೆಲೆ ಸಿಗುತ್ತಿತ್ತಾದ್ದರಿಂದ ಕೆಲವರು ಅದನ್ನು ಬಂಗಾರದಂತೆ ಅಡವಿನ ಆಸ್ತಿಯೆಂದೇ ಎಣಿಸಿದರು.

ಓಡಿಸುವವರ ನಂಬಿಕೆ ಒಂದು ಕಡೆ. ಮಾಡುವವರ ಅನುಭವ ಇನ್ನೊಂದು. ಬಿಡದಿಯಲ್ಲಿ 2007ರಿಂದ ಕಂಪನಿ ನಡೆಸುತ್ತಿರುವ ತರಬೇತಿ ಶಾಲೆಗೆ ರಾಜ್ಯದ ಹಳ್ಳಿಗಳಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಬಡಮಕ್ಕಳನ್ನು ಆರಿಸಿ ಒಯ್ಯುತ್ತಾರೆ. ಅದು ಒಳ್ಳೆಯ ಮುಖ. ಆದರೆ ಅದೇ ಬಿಡದಿಯಲ್ಲಿ 2006ರ ಜನವರಿಯಲ್ಲಿ ಮುಷ್ಕರ, ಬೀಗಮುದ್ರೆ. 2014ರಲ್ಲಿ ವೇತನದ ತಕರಾರಿಗೆ ಮತ್ತೆ ಬೀಗಮುದ್ರೆ. 2020ರ ನವೆಂಬರಿನಲ್ಲಿ ಮೂರನೆಯದು, ಅದು 2021ರ ಮಾರ್ಚಿನವರೆಗೆ ಎಳೆಯಿತು. ಒಂದು ಕಾರಿಗೆ ಮೂರು ನಿಮಿಷವಿದ್ದುದನ್ನು ಎರಡೂವರೆ ನಿಮಿಷಕ್ಕೆ ಇಳಿಸಿದ್ದಾರೆ, ಉಸಿರಾಡಲೂ ಬಿಡುವಿಲ್ಲ ಎಂಬುದು ಕಾರ್ಮಿಕರ ದೂರಾಗಿತ್ತು. ಕಾರ್ಮಿಕರ ಅಶಿಸ್ತೇ ಕಾರಣವೆಂದು ಕಂಪನಿ ಹೇಳಿತು. ಎಳೆ ಹರಿದರೆ ಮಗ್ಗ ನಿಲ್ಲಬೇಕೆಂದು ಸಾಕಿಚಿ ಬಯಸಿದ್ದು ಕಾಯುವ ಮನುಷ್ಯನ ಬಿಡುಗಡೆಗೆ. ಒಬ್ಬನೇ ಮೂವತ್ತು ಮಗ್ಗ ನೋಡಬಲ್ಲನೆಂಬುದನ್ನು ಇನ್ನೊಂದು ಕಡೆಯಿಂದ ಓದಿದರೆ ಇಪ್ಪತ್ತೊಂಬತ್ತು ಜನ ಬೇಡ ಎಂದಾಗುತ್ತದೆ. ಉಳಿದವನಿಗೆ ನಿಲ್ಲಲು ಪುರಸತ್ತಿಲ್ಲ ಎಂದೂ ಆಗುತ್ತದೆ. ಆ ತತ್ವದಲ್ಲಿ ಎರಡೂ ಅರ್ಥ ಮೊದಲಿನಿಂದಲೇ ಇದ್ದವು.

ನಿಲ್ಲಬೇಕಾದಾಗ ನಿಲ್ಲದ ಪ್ರಸಂಗಗಳೂ ಈ ಮನೆತನಕ್ಕೆ ಬಂದಿವೆ. 2009-10ರಲ್ಲಿ ಆಕ್ಸಲರೇಟರ್ ದೋಷದ ದೂರಿನಿಂದಾಗಿ ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸು ಕರೆಸಬೇಕಾಯಿತು. ಸಾಕಿಚಿಯ ಮರಿಮಗ ಆಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್‌ಗಳ ಪರೀಕ್ಷೆಯಲ್ಲಿ ಅಕ್ರಮ ನಡೆದದ್ದು ಬಯಲಾಗಿ, ಭಾರತದಲ್ಲಿಯೂ ಇನ್ನೋವಾ ಕ್ರಿಸ್ಟಾ, ಫಾರ್ಚ್ಯೂನರ್‌ಗಳ ರವಾನೆ ಕೆಲವು ದಿನ ನಿಂತಿತು. ಅಕ್ರಮ ನಡೆದದ್ದು ಬೇರೆಲ್ಲೂ ಅಲ್ಲ, 1926ರಲ್ಲಿ ಮಗ್ಗಕ್ಕಾಗಿ ಹುಟ್ಟಿದ ಮೂಲ ಕಂಪನಿಯಲ್ಲಿಯೇ.

ಇಲ್ಲೊಂದು ಅಡ್ಡಮಾತು. ಇನ್ನೋವಾ ಕೊಳ್ಳಲಾಗದವರು ಕೊಂಡದ್ದು ಮಾರುತಿ. 1983ರ ಡಿಸೆಂಬರಿನಲ್ಲಿ ಹೊರಬಂದ ಆ ಕಾರಿನ ಹಿಂದಿದ್ದ ಸುಜುಕಿಯದೂ ಮಗ್ಗದ ಮನೆತನವೇ. ಮಿಚಿಯೊ ಸುಜುಕಿ 1909ರಲ್ಲಿ ಹಮಾಮಾತ್ಸುವಿನಲ್ಲಿ, ಅದೇ ಎನ್‌ಶೂ ಸೀಮೆಯಲ್ಲಿ, ಮಗ್ಗದ ಕಾರ್ಖಾನೆ ಇಟ್ಟವನು. ಕಂಪನಿ ಸೈಕಲ್ ಮೋಟಾರಿಗೆ ಕೈಹಾಕಿದ್ದು 1952ರಲ್ಲಿ, ಕಾರಿಗೆ 1955ರಲ್ಲಿ. ನೇಯ್ಗೆಯ ಒಂದೇ ಸೀಮೆಯಿಂದ ಹೊರಟ ಈ ಎರಡೂ ಮನೆತನಗಳು ಈಗ ಭಾರತದಲ್ಲಿ ಬೀಗರಾಗಿವೆ. 2019ರಿಂದ ಸುಜುಕಿಯ ಬಲೆನೊ ಟೊಯೋಟಾದ ಗ್ಲಾಂಜಾ ಆಗಿ ಮಾರಾಟವಾಗುತ್ತಿದೆ. 2022ರಲ್ಲಿ ಬಿಡದಿಯಲ್ಲಿ ಎರಡೂ ಕಂಪನಿಗಳ ಹೆಸರಿನ ಗಾಡಿಗಳನ್ನು ಒಂದೇ ಸೂರಿನಡಿ ಮಾಡತೊಡಗಿದರು. ಆ ವರ್ಷ ನವೆಂಬರಿನಲ್ಲಿ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು.

ಟೊಯೋಟಾ ಮನೆತನದವರು ಮಗ್ಗ ಮಾಡುವುದನ್ನು ಬಿಟ್ಟಿಲ್ಲ. ಲಾಳಿಯೇ ಇಲ್ಲದೆ ಗಾಳಿಯ ಒತ್ತಡದಿಂದ ಹೊಕ್ಕು ಹಾರಿಸುವ ಅವರ ಮಗ್ಗಗಳು ದೇಶದ ದೊಡ್ಡ ಗಿರಣಿಗಳಲ್ಲಿ ನಡೆಯುತ್ತವೆ. ರಬಕವಿ-ಬನಹಟ್ಟಿಯಂಥ ಊರಿನಲ್ಲಿ ನಾಲ್ಕು-ಆರು ಮಗ್ಗ ಇಟ್ಟುಕೊಂಡ ಮನೆಯವರಿಗೆ ಅದು ನಿಲುಕುವ ಮಾತಲ್ಲ. ಅವರದು ಲಾಳಿ ಬಡಿಯುವ ಸಾದಾ ಮಗ್ಗ. ನೂಲಿನ ಬೆಲೆ ಏರಿದಾಗ, ಸೀರೆಗೆ ಬೇಡಿಕೆ ಬಿದ್ದಾಗ ಮೊದಲು ನಿಲ್ಲುವುದೂ ಅದೇ. ಇಂಥ ಸಣ್ಣ ಮಾಲೀಕರಿಗಾಗಿ, ಎಂಟು ಮಗ್ಗಗಳವರೆಗಿನ ಘಟಕಗಳಿಗೆಂದು, ಕೇಂದ್ರ ಸರಕಾರ 2017ರ ಏಪ್ರಿಲಿನಲ್ಲಿ ಪವರ್‌ಟೆಕ್ಸ್ ಇಂಡಿಯಾ ಎಂಬ ಯೋಜನೆ ಹಾಕಿತು. ಇದ್ದ ಮಗ್ಗವನ್ನೇ ಸುಧಾರಿಸಿಕೊಳ್ಳಲು ತಗಲುವ ಖರ್ಚಿನಲ್ಲಿ ಸಾಮಾನ್ಯ ವರ್ಗದವರಿಗೆ ಅರ್ಧ, ಪರಿಶಿಷ್ಟ ಜಾತಿಯವರಿಗೆ ಮುಕ್ಕಾಲು, ಪರಿಶಿಷ್ಟ ಪಂಗಡದವರಿಗೆ ಶೇಕಡ 90 ಸಹಾಯಧನ. ಸುಧಾರಣೆಯ ಪಟ್ಟಿಯಲ್ಲಿದ್ದ ಉಪಕರಣಗಳಲ್ಲಿ ಮುಖ್ಯವಾದವು ಎರಡು: ಹಾಸಿನ ಎಳೆ ಹರಿದರೆ ಮಗ್ಗ ನಿಲ್ಲಿಸುವುದು ಒಂದು, ಹೊಕ್ಕಿನ ಎಳೆ ಹರಿದರೆ ನಿಲ್ಲಿಸುವುದು ಇನ್ನೊಂದು.